ರಕ್ಕಸಿಯ ಕಿರೀಟ

ಹೊಗಳಿದರೆ ಹೆದರಿಕೆಯಾಗುತ್ತದೆ ಎಂದರೆ ಯಾರಾದರೂ ನಕ್ಕಾರು. ಅದಕ್ಕೇ ಭೂಮಿಕಾ ತನ್ನೊಳಗೇ ಹೇಳಿಕೊಂಡಳು: ನನಗೆ ತಾಳ ಸಿಗುತ್ತಿಲ್ಲ, ಅದು ಯಾರಿಗೂ ಕಾಣುತ್ತಲೂ ಇಲ್ಲ.

ಕಾಣದಿರುವ ಕಾರಣವೂ ಅವಳಿಗೆ ಗೊತ್ತಿತ್ತು. ಬಳ್ಳಿಯಂಥ ಮೈ. ಕೈ ಎತ್ತಿದರೆ ಸಾಕು, "ಎಷ್ಟು ಚಂದ ಲಯ ಉಂಟು ನೋಡಿ ಹುಡುಗಿಗೆ!" ಎನ್ನುತ್ತಿದ್ದರು ಸುಂದರಿ ಆಂಟಿ.

2009ರ ಯುಗಾದಿಗೆ ಕನ್ನಡ ಸಂಘದ ಯಕ್ಷಗಾನ. ಅಮೆರಿಕದ ಪಿಸ್ಕಾಟವೇಯಲ್ಲಿ ಆಂಟಿಯ ಮನೆಯ ಬೇಸ್‌ಮೆಂಟಿನಲ್ಲೇ ತಾಲೀಮು. ಕಲಿಸುವವರು ಅವರ ಗಂಡ ಸುಧಾಕರ ಅಂಕಲ್. ಮ್ಯಾನ್‌ಹಟನ್ನಿನ ಬ್ಯಾಂಕಿನ ಕೆಲಸ ಆ ಚಳಿಗಾಲದಲ್ಲಿ ಹೋದ ಮೇಲೆ ಅವರಿಗೆ ಬೆಳಗೂ ಬೈಗೂ ಇದೇ ಧ್ಯಾನ. ಎಂ.ಎಸ್. ಮುಗಿಸಿದ ಭೂಮಿಕಾಳಿಗೆ ಸಿಕ್ಕಿದ್ದ ಕೆಲಸವೂ ಸೇರುವ ಮೊದಲೇ ಕೈತಪ್ಪಿತ್ತು. ಈ ಮನೆಯ ಮೇಲ್ಕೋಣೆಯೇ ಅವಳಿಗೆ ಆಸರೆ. ಉಂಡ ಮನೆಯಲ್ಲಿ ಎದುರು ಮಾತಾಡುವುದುಂಟೆ?

ಪ್ರಸಂಗದಲ್ಲಿ ರಕ್ಕಸಿಯೊಬ್ಬಳು ಚೆಲುವೆಯಾಗಿ ಬಂದು, ಮೋಸ ಬಯಲಾದಾಗ ಘೋರರೂಪ ತಾಳುತ್ತಾಳೆ. ರೂಢಿಯಂತೆ ಎರಡು ರೂಪಕ್ಕೆ ಇಬ್ಬರು ವೇಷಧಾರಿಗಳು. ಮೊದಲ ದಿನ ಅಂಕಲ್ ಯಾರ ಹೆಜ್ಜೆಯನ್ನೂ ನೋಡಲಿಲ್ಲ. ಒಮ್ಮೆ ಕಣ್ಣಾಡಿಸಿ ಭೂಮಿಕಾಳನ್ನು ಚೆಲುವೆ ಮಾಡಿದರು, ದಪ್ಪ ಮೈಯ ಪ್ರಣೀತಾಳನ್ನು ರಕ್ಕಸಿ. ಪ್ರಣೀತಾ ಉಡುಪಿಯಲ್ಲಿ ಚಿಕ್ಕಂದಿನಿಂದ ಹೆಜ್ಜೆ ಕಲಿತವಳು. "ನಂಗೆ ಮೇಕಪ್ ಖರ್ಚೇ ಇಲ್ಲ ಅಲ್ವಾ ಅಂಕಲ್?" ಎಂದು ತಾನೇ ಮೊದಲು ನಕ್ಕಿದ್ದಳು. ದಪ್ಪಗಿದ್ದವರ ಸ್ವಭಾವವೇ ಹಾಗೆ, ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ ಎಂದುಕೊಂಡಿದ್ದಳು ಭೂಮಿಕಾ. ಆದರೆ ರಕ್ಕಸಿಗೊಂದು ರಭಸದ ಕುಣಿತವಿತ್ತು. ಅದನ್ನು ಕುಣಿಯುವಾಗ ಪ್ರಣೀತಾ ನಗುತ್ತಿರಲಿಲ್ಲ.

ಪ್ರದರ್ಶನಕ್ಕೆ ಮುಂಚಿನ ಶನಿವಾರ. ತೆರೆಯ ಬದಲು ಇಬ್ಬರು ಬೆಡ್‌ಶೀಟ್ ಹಿಡಿದು ನಿಂತಿದ್ದರು. ಅದರ ಹಿಂದೆ ಚೆಲುವೆ ಸರಿಯಬೇಕು, ರಕ್ಕಸಿ ಮುಂದೆ ಬರಬೇಕು. ಚೆಂಡೆ ಏರಿತು. ಭೂಮಿಕಾ ತಾಳ ತಪ್ಪಿ ತಡವಾಗಿ ತಿರುಗಿದಳು. ಕಾಲು ಸ್ಟೂಲಿಗೆ ಬಡಿಯಿತು. ಊರಿನಿಂದ ಸೀರೆಗಳ ನಡುವೆ ಸುತ್ತಿ ತಂದಿದ್ದ ರಕ್ಕಸಿಯ ಕಿರೀಟ ಅದರ ಮೇಲಿಂದ ಉರುಳಿ, ನೆಲಕ್ಕೆ ಬಿದ್ದು ಸೀಳಿಹೋಯಿತು.

ಬೆಡ್‌ಶೀಟ್ ಇಳಿಯಿತು. ಎಲ್ಲರ ಕಣ್ಣೂ ಪ್ರಣೀತಾಳ ಮೇಲೆ. ಹೆಬ್ಬೆರಳು ಉರಿಯುತ್ತಿದ್ದರೂ ಭೂಮಿಕಾ ಕೂಡ ಒಂದು ಗಳಿಗೆ ಅವಳತ್ತಲೇ ತಿರುಗಿ ನೋಡಿದಳು.

"ಎಂತ ಮಾರಾಯ್ತಿ!" ಸುಂದರಿ ಆಂಟಿ ಓಡಿ ಬಂದರು. "ಆನೆ ಹೊಕ್ಕ ಹಾಗೆ ಆಯ್ತಲ್ಲ! ಸ್ವಲ್ಪ ಮೆಲ್ಲ ಬರ್ಲಿಕ್ಕೆ ಆಗುದಿಲ್ವಾ ನಿಂಗೆ?"

"ನಾನು ಮುಟ್ಟಲೇ ಇಲ್ಲ ಆಂಟಿ."

"ಮತ್ತೆ ಈ ಕಡ್ಡಿ ಬೀಳಿಸಿದ್ದಾ?" ಚೆಂಡೆ ಬಾರಿಸುತ್ತಿದ್ದ ವಿನಾಯಕ್ ಭೂಮಿಕಾಳತ್ತ ಕೋಲು ತೋರಿಸಿದ. ಬೇಸ್‌ಮೆಂಟೆಲ್ಲ ನಗು. ಸ್ವಲ್ಪ ತಡೆದು ಪ್ರಣೀತಾಳೂ ನಕ್ಕಳು.

ಅಂಕಲ್ ನಗಲಿಲ್ಲ. "ಸ್ಟೇಜಲ್ಲಿ ಹೀಗಾದ್ರೆ ಮರ್ಯಾದೆ ಹೋಗ್ತದೆ. ಪ್ರಣೀತಾ, ನಿಂಗೆ ಕುಣಿತ ಬೇಡ. ನಿಂತಲ್ಲೇ ಒಂದು ಆರ್ಭಟ ಕೊಡು, ಸಾಕು. ಈ ಮೈ ಹೊತ್ಕೊಂಡು ಅಷ್ಟೆಲ್ಲ ತಿರುಗುದು ಕಷ್ಟ. ನಿನ್ನ ಒಳ್ಳೇದಕ್ಕೇ ಹೇಳುದು."

ಪ್ರಣೀತಾ ಮೆಟ್ಟಿಲ ಮೇಲೆ ಕೂತು ಗೆಜ್ಜೆ ಬಿಚ್ಚತೊಡಗಿದಳು. ಗಂಟು ಸಡಿಲವಾಗುತ್ತಿರಲಿಲ್ಲ. ತುಟಿಯ ಮೇಲೆ ಆ ನಗು ಇನ್ನೂ ಹಾಗೇ ಇತ್ತು, ಒರೆಸಿಕೊಳ್ಳಲು ಮರೆತಂತೆ. ಮೊದಲ ದಿನ ನಕ್ಕಿದ್ದೂ ಹೀಗೆಯೇ ಎಂದು ಭೂಮಿಕಾಳಿಗೆ ಆಗ ಹೊಳೆಯಿತು.

ಸುಂದರಿ ಆಂಟಿ ಭೂಮಿಕಾಳ ತಲೆ ಸವರಿದರು. "ನಿಂಗೆಲ್ಲೂ ಪೆಟ್ಟಾಗ್ಲಿಲ್ಲ ಅಲ್ವಾ ಮಗಾ?"

ಕೈ ಬೆಚ್ಚಗಿತ್ತು. ಸುಮ್ಮನಿದ್ದರೆ ಈ ಕೈ ಹೀಗೇ ಇರುತ್ತದೆ. ಒಂದು ಕಾಲಿನ ಗೆಜ್ಜೆ ಕಳಚಿ ನೆಲಕ್ಕೆ ಬಿತ್ತು. ಪ್ರಣೀತಾ ಇನ್ನೊಂದಕ್ಕೆ ಕೈಹಾಕಿದಳು.

"ಆಂಟಿ," ಎಂದಳು ಭೂಮಿಕಾ. ದನಿ ತನ್ನದಲ್ಲವೆಂಬಷ್ಟು ಜೋರಾಗಿತ್ತು. "ಬೀಳಿಸಿದ್ದು ನಾನು."