ಸಜ್ಜಾ ಮೇಲಿನ ಬೂಟು

ಡೆಹ್ರಾಡೂನಿನ ಕಾನ್ಫರೆನ್ಸಿನವರು ರಕ್ಷಾಳ ಪ್ರಬಂಧವನ್ನು ಒಪ್ಪಿಕೊಂಡ ದಿನದಿಂದ ಅವಳ ತಲೆ ಕೆಟ್ಟುಹೋಗಿತ್ತು. ಒಪ್ಪದೇ ಇದ್ದಿದ್ದರೆ ಎಷ್ಟೋ ಆರಾಮಿತ್ತು. ಯಲಹಂಕದ ಕಾಲೇಜಿನಲ್ಲಿ ಕೆರೆಯ ಹೂಳಿನಿಂದ ಇಟ್ಟಿಗೆ ಮಾಡುವ ಪಾಠ ಹೇಳಿಕೊಂಡು, ಸಂಜೆ ಶೆಟ್ಟಿಹಳ್ಳಿಯ ಬಾಡಿಗೆ ಮನೆಗೆ ಬಂದು, ಅತ್ತೆ ಪಾರವ್ವ ತಟ್ಟಿದ ರೊಟ್ಟಿ ತಿಂದು ಮಲಗುವವಳಿಗೆ ಹಿಮಾಲಯದ ಉಸಾಬರಿ ಯಾಕೆ ಹೇಳಿ?

ಉಸಾಬರಿ ತಂದಿಟ್ಟವಳು ತೇಜಸ್ವಿನಿ. ಅದೇ ವಿಭಾಗ, ಪಕ್ಕದ ಟೇಬಲ್ಲು. ಕೆಂಪಾಪುರದವಳು, ಬಾಯಿಗೆ ಬಂದದ್ದನ್ನು ಹಾಗೇ ಹೇಳುವವಳು.

"ಅಷ್ಟ್ ದೂರ ಹೋಗಿ ಎ.ಸಿ. ರೂಮಲ್ಲಿ ಕೂತ್ಕೊಂಡ್ ವಾಪಸ್ ಬರ್ತೀಯಾ? ಥೂ! ಕಾನ್ಫರೆನ್ಸ್ ಎರಡೇ ದಿನ. ಇನ್ ಮೂರ್ ದಿನ ಸೇರಿಸ್ಕೊಂಡು ಮಸೂರಿ ಆಚೆ ಯಾವ್ದಾದ್ರೂ ಬೆಟ್ಟ ಹತ್ತು ಮಗಾ. ಯಾರ್ ಕೇಳ್ತಾರೆ?"

ಪಾರವ್ವ ಕೇಳುತ್ತಾರೆ. ತೊಡಕು ಇದ್ದದ್ದೇ ಅಲ್ಲಿ.

ಹೋದ ವರ್ಷ ರಕ್ಷಾಳಿಗೆ ಮೂರನೇ ತಿಂಗಳಲ್ಲೇ ಗರ್ಭ ಇಳಿದುಹೋಗಿತ್ತು. ನಿನ್ನ ತಪ್ಪೇನೂ ಇಲ್ಲ, ಓಡು, ಹಾರು, ಏನು ಬೇಕಾದರೂ ಮಾಡು ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಆದರೆ ಪಾರವ್ವ ಅಂದಿನಿಂದ ಸೊಸೆಗೆ ತುಂಬಿದ ಕೊಡ ಎತ್ತಲು ಬಿಟ್ಟವರಲ್ಲ. "ಇರಲವ್ವಾ, ನಾ ಎತ್ತತೀನಿ" ಎಂದು ಕೈಯಿಂದ ಕಸಿದುಕೊಳ್ಳುವರು. ಪ್ರೀತಿಯೇ ಅದು, ಯಾರು ಇಲ್ಲವೆಂದರು? ಆದರೆ ಪ್ರತಿ ಸಲ ಕೈ ಖಾಲಿಯಾದಾಗಲೂ ರಕ್ಷಾಳಿಗೆ ತನ್ನ ಮೈ ಬಿರುಕು ಬಿಟ್ಟ ಮಡಕೆ ಅನ್ನಿಸುತ್ತಿತ್ತು. ಅವಳಿಗೆ ಬೆಟ್ಟ ಬೇಕಾಗಿದ್ದು ಹಿಮ ನೋಡುವುದಕ್ಕಲ್ಲ. ಈ ಮೈ ಇನ್ನೂ ತನ್ನ ಮಾತು ಕೇಳುತ್ತದೆ ಎಂದು ಒಮ್ಮೆ ತಾನೇ ಕಂಡುಕೊಳ್ಳಬೇಕಿತ್ತು. ಇದನ್ನು ಅತ್ತೆಗೆ ಹೇಳುವುದು ಹೇಗೆ?

ಗಂಡ ಶಿವಪುತ್ರ ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಅಲ್ಲಿ ನೂರು ಜನರನ್ನು ಗದರಿಸುವವನು ಮನೆಯಲ್ಲಿ ಅವ್ವನೆದುರು ಕೆಮ್ಮುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದ.

"ಹೋಗು, ಯಾರ ಬ್ಯಾಡ ಅಂದಾರ?" ಎಂದ. "ಆದ್ರ ಅವ್ವಗ ಗುಡ್ಡದ ಸುದ್ದಿ ಹೇಳಬ್ಯಾಡ. ಕಾನ್ಫರೆನ್ಸ್ ಐದ ದಿನಾ ಅಂತ ಹೇಳಿಬಿಡೂಣು."

ಹೇಳಿಬಿಟ್ಟರು. ಪಾರವ್ವ ತಲೆಯಾಡಿಸಿದರು. ಅಲ್ಲಿಂದ ಶುರುವಾಯಿತು ನೋಡಿ ಗೊಂದಲ. ಬೆಟ್ಟ ಮೊದಲೋ, ಭಾಷಣ ಮೊದಲೋ? ಮೊದಲೇ ಹತ್ತಿದರೆ ವೇದಿಕೆಯ ಮೇಲೆ ಕುಂಟಬೇಕು. ಆಮೇಲೆ ಹತ್ತಿದರೆ ಮರಳಿ ಬಂದ ಮರುದಿನವೇ ಪರೀಕ್ಷೆ ಕೆಲಸಕ್ಕೆ ಕುಂಟಬೇಕು. ಸಾಯಂಕಾಲ ಒಂದು ನಿರ್ಧಾರ ಮಾಡಿದರೆ ಬೆಳಗಾಗುವಷ್ಟರಲ್ಲಿ ಅದು ತಲೆಕೆಳಗಾಗಿರುತ್ತಿತ್ತು. ಕೊನೆಗೆ ತೇಜಸ್ವಿನಿಯೇ ಬೇಸತ್ತು, ಕಾನ್ಫರೆನ್ಸ್ ಮುಗಿದ ಮೇಲೆ ಹತ್ತುವುದು ಎಂದು ಸಾರಿ, ಬೆಟ್ಟಕ್ಕೆ ಕರೆದೊಯ್ಯುವವರಿಗೆ ಫೋನ್ ಹಚ್ಚಿ ಹೆಸರು ಕೊಟ್ಟುಬಿಟ್ಟಳು.

ಹೆಬ್ಬಾಳದ ಅಂಗಡಿಯೊಂದರಲ್ಲಿ ರಕ್ಷಾ ಬೂಟು ಕೊಂಡಳು. ದಪ್ಪ ಕಾಲುಚೀಲ ಹಿಡಿಯಲೆಂದು ಒಂದು ಅಳತೆ ದೊಡ್ಡದು. ಕಂದು ಬಣ್ಣ, ನೀರು ಒಳಗೆ ಇಳಿಯದ ಚರ್ಮ. ಇದಕ್ಕೆ ಎಣ್ಣೆ, ಪಾಲಿಶ್ ಏನೂ ಹಚ್ಚಬೇಡಿ ಎಂದ ಅಂಗಡಿಯವನು, ಹೊರಡುವ ಮುಂಚೆ ಒಂದಷ್ಟು ದಿನ ಹಾಕಿಕೊಂಡು ಓಡಾಡಿ, ಇಲ್ಲದಿದ್ದರೆ ಕಚ್ಚುತ್ತದೆ ಎಂದೂ ಹೇಳಿದ. ಓಡಾಡುವುದು ಎಲ್ಲಿ? ಮನೆಯಲ್ಲಂತೂ ಆಗದು. ಎರಡು ದಿನ ಕಾಲೇಜಿಗೆ ಹೊತ್ತೊಯ್ದು ಚೂಡಿದಾರದ ಕೆಳಗೆ ಬೂಟು ತೊಟ್ಟು ಮೈದಾನ ಸುತ್ತಿದಳು. ಎನ್‌ಸಿಸಿ ಸೇರಿದ್ರಾ ಮೇಡಂ ಎಂದು ಹುಡುಗಿಯರು ನಕ್ಕರು. ಮೂರನೆಯ ದಿನ ಬೂಟು ಅಡುಗೆಮನೆಯ ಸಜ್ಜಾ ಏರಿ, ದೊಡ್ಡ ಪಾತ್ರೆಗಳ ಹಿಂದೆ ಅಡಗಿ ಕೂತಿತು.

ಅದಾದ ಮೇಲಿನ ಭಾನುವಾರ ಪಾರವ್ವ ಎಂದಿನಂತೆ ಚಹಾ ಕುಡಿದು ಲೋಟ ಇಟ್ಟರು. "ರಕ್ಷಾ, ಗಿರಣಿಗೆ ಹೋಗಿ ಜ್ವಾಳದ ಹಿಟ್ಟ ತೊಗೊಂಬಾ" ಎಂದರು.

ಬೇರೆ ಯಾರಿಗಾದರೂ ಹೇಳಿದರೋ ಏನೋ ಎಂದು ರಕ್ಷಾ ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಹಿಟ್ಟಿನ ಚೀಲ ಭಾರವಿತ್ತು. ಎರಡು ಮಹಡಿ ಹತ್ತಿ ಬರುವಷ್ಟರಲ್ಲಿ ಏದುಸಿರು. ಪಾರವ್ವ ಚೀಲ ಇಳಿಸಿಕೊಂಡು ಹಿಟ್ಟನ್ನು ಡಬ್ಬಿಗೆ ಸುರಿದರು. ಮರುದಿನ ನೀರಿನ ಕ್ಯಾನು. ಆಮೇಲೆ, "ಬಸ್‌ಸ್ಟಾಪಿಗೆ ಆಟೋ ಯಾಕ? ನಡದ ಹೋಗು."

ಕೊಡ ಮುಟ್ಟಗೊಡದವರು ಒಮ್ಮೆಗೇ ಹೀಗೇಕಾದರು? ಸಿಟ್ಟೇ? ರಕ್ಷಾ ಯೋಚಿಸಿ ಯೋಚಿಸಿ ಒಂದು ಅರ್ಥಕ್ಕೆ ಬಂದಳು. ಇವಳಿಗೆ ಇನ್ನು ಮಕ್ಕಳಾಗುವುದಿಲ್ಲ ಎಂದು ಅತ್ತೆ ತೀರ್ಮಾನಿಸಿಬಿಟ್ಟಿದ್ದಾರೆ. ಕಾಪಾಡುವುದಕ್ಕೆ ಇನ್ನೇನಿದೆ, ಹೊರಲಿ ಬಿಡು ಎಂದುಕೊಂಡಿದ್ದಾರೆ. ಬಚ್ಚಲಿನ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು. ಹೊರುವುದಕ್ಕೆ ಬಿಡದಿದ್ದಾಗ ದುಃಖ, ಹೊರಿಸಿದಾಗಲೂ ದುಃಖ. ತನಗೆ ಬೇಕಾದದ್ದಾದರೂ ಏನು ಎಂದು ಅವಳಿಗೇ ತಿಳಿಯದಾಯಿತು.

ಅಷ್ಟರಲ್ಲಿ ಪಾರವ್ವ ಕುಂಟತೊಡಗಿದರು. ಕಾಲಿಗೇನಾಯಿತೆಂದು ಕೇಳಿದರೆ "ಏನಿಲ್ಲ, ವಯಸ್ಸಾತು" ಎಂದು ಸೀರೆಯ ನೆರಿಗೆ ಇಳಿಬಿಟ್ಟುಕೊಂಡರು. ಓ, ಕಾಲುನೋವಿಗೆ ಕೆಲಸ ತನಗೆ ಬಿಟ್ಟಿದ್ದಾರೆ ಎಂದು ರಕ್ಷಾ ಕೊಂಚ ಹಗುರಾದಳು. ಆ ಹಗುರವೂ ಉಳಿಯಲಿಲ್ಲ. ಮೇಲಿನ ಮಹಡಿಯಲ್ಲಿದ್ದ ಮನೆಯೊಡತಿ ಮುನಿಕೆಂಪಮ್ಮ ಮೆಟ್ಟಿಲ ಮೇಲೆ ಅವಳನ್ನು ತಡೆದು ನಿಲ್ಲಿಸಿದರು.

"ಅಲ್ಲ ಕಣಮ್ಮಾ, ನಿಮ್ಮತ್ತೆ ಯಾಕಿಂಗೆ ಮದ್ಯಾನದೊತ್ತು ಟೆರೇಸ್ ಮ್ಯಾಲೆ ಮಿಲ್ಟ್ರಿಯೋರಂಗೆ ದಬದಬ ಅಂತ ತಿರುಗ್ತಾರೆ? ನಂಗೆ ಒಂದ್ ಗಳಿಗೆ ಕಣ್ ಮುಚ್ಚಂಗಿಲ್ಲ."

ಕಾಲುನೋವಿನವರು ಬಿಸಿಲಲ್ಲಿ ಟೆರೇಸ್ ಸುತ್ತುವುದೆಂದರೇನು? ಅದೇ ಸಂಜೆ ರಕ್ಷಾ ಕದ್ದು ಬೂಟು ಇಳಿಸಿದಳು. ಕಂದು ಹೋಗಿ ಕಪ್ಪಾಗಿತ್ತು. ಕಡಕ್ಕಾಗಿದ್ದ ಚರ್ಮ ಮೆತ್ತಗಾಗಿ, ಗಂ ಎಂದು ಔಡಲೆಣ್ಣೆ ನಾರುತ್ತಿತ್ತು. ಪಕ್ಕದಲ್ಲೇ ಪಾರವ್ವ ನೆತ್ತಿಗೆ ಹಚ್ಚಿಕೊಳ್ಳುವ ಆ ಎಣ್ಣೆಯ ಬಾಟಲಿ ಇತ್ತು. ಸೋರಿರಬೇಕೆಂದುಕೊಂಡಳು. ಆದರೆ ಬಾಟಲಿ ನೆಟ್ಟಗೆ ನಿಂತಿತ್ತು, ಬಿರಡೆ ಬಿಗಿಯಾಗಿತ್ತು.

"ರೀ, ಬೂಟು ಯಾರ ಮುಟ್ಟ್ಯಾರ್ರೀ?"

ಶಿವಪುತ್ರ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಇಲಿ ಇರಬೇಕು."

"ಇಲಿ ಎಣ್ಣಿ ಹಚ್ಚತದೇನ್ರಿ?"

ಅವನು ಹಾಲು ತರಲು ಎದ್ದುಹೋದ. ಫ್ರಿಜ್ಜಿನಲ್ಲಿ ಹಾಲಿತ್ತು.

ಹೊರಡುವ ಹಿಂದಿನ ಸಂಜೆಗೆ ರಕ್ಷಾ ಸೋತಿದ್ದಳು. ಸುಳ್ಳು ಹೇಳಿದ್ದು ಒಂದು ಕಡೆ, ಅತ್ತೆಯ ಕುಂಟು ಕಾಲು ಇನ್ನೊಂದು ಕಡೆ, ಎಣ್ಣೆ ಕುಡಿದ ಬೂಟು ಮತ್ತೊಂದು ಕಡೆ. ಬೆಟ್ಟವೂ ಬೇಡ, ಏನೂ ಬೇಡ ಎಂದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅತ್ತಿ, ಐದ ದಿನಾ ಇಲ್ರಿ. ಎರಡ ದಿನಕ್ಕ ಮುಗಿಸಿ ಬಂದಬಿಡ್ತೀನಿ."

ರೊಟ್ಟಿ ತಟ್ಟುತ್ತಿದ್ದ ಕೈ ನಿಂತಿತು. "ಮತ್ತ ಗುಡ್ಡಾ?"

ಹಾಲ್‌ನಲ್ಲಿದ್ದ ಶಿವಪುತ್ರ ಸದ್ದಿಲ್ಲದೆ ಚಪ್ಪಲಿ ಹುಡುಕತೊಡಗಿದ.

"ಯಾ... ಯಾವ ಗುಡ್ಡಾ ಅತ್ತಿ?"

"ನೀ ಹತ್ತೂ ಗುಡ್ಡಾ. ಸಜ್ಜಾ ಮ್ಯಾಲಿಂದ ಡಬ್ಬಿ ಇಳಸೂಮುಂದ ಬೂಟ ನನ್ನ ತಲಿ ಮ್ಯಾಲ ಬಿತ್ತು. ನಿನ್ನ ಗಂಡನ್ನ ಹಿಡದ ಕೇಳಿದೆ, ಎಲ್ಲಾ ಒದರಿದಾ. ನಾ ಹೇಳೀನಿ ಅಂತ ಅಕೀಗೆ ಹೇಳಬ್ಯಾಡ ಯವ್ವಾ ಅಂದಾ. ಹೇಳಲಿಲ್ಲ."

ಹೀಗೆ ಎರಡೂ ಕಡೆ ಗುಟ್ಟು ಕಾಯುತ್ತಿದ್ದ ಮಹಾನುಭಾವನಿಗೆ ಅಷ್ಟರಲ್ಲಿ ಚಪ್ಪಲಿ ಸಿಕ್ಕಿತ್ತು, ಅವನು ಬೀದಿಯಲ್ಲಿದ್ದ. ಪಾರವ್ವ ಹಿಟ್ಟಿನ ಕೈಯಲ್ಲೇ ಸಜ್ಜಾದಿಂದ ಬೂಟು ಇಳಿಸಿ, ಸೆರಗಿನಿಂದ ಒಮ್ಮೆ ಒರೆಸಿದರು.

"ಹೊಸಾ ಮೆಟ್ಟು ಕಚ್ಚತಾವವ್ವಾ. ನಿಮ್ಮ ಮಾವನ ಮೆಟ್ಟಿಗೆ ಔಡಲೆಣ್ಣಿ ಕುಡಿಸಿ, ನಾನ ಹಾಕ್ಕೊಂಡ ತಿರುಗಿ, ಹದಾ ಮಾಡಿ ಕೊಡತಿದ್ದೆ. ಇವು ಭಾಳ ಮೊಂಡ ಅದಾವ. ಈಗ ಬಗ್ಗ್ಯಾವ ನೋಡು."

ರಕ್ಷಾ ಕೆಳಗೆ ನೋಡಿದಳು. ಸೀರೆ ಕೊಂಚ ಮೇಲೆ ಸರಿದಿತ್ತು. ಪಾರವ್ವನ ಎರಡೂ ಹಿಮ್ಮಡಿಗೆ ಬಟ್ಟೆಯ ಚೂರು ಸುತ್ತಿತ್ತು, ಒಂದರ ಅಂಚಿನಲ್ಲಿ ಒಡೆದ ಬೊಕ್ಕೆ ಕೆಂಪಗೆ ಇಣುಕುತ್ತಿತ್ತು.

"ಮತ್ತ ಆ ಹಿಟ್ಟಿನ ಚೀಲಾ?" ರಕ್ಷಾ ಕೇಳಿದಳು.

"ಬೆನ್ನಿಗೆ ಚೀಲಾ ಹೊತ್ತ ಹತ್ತಬೇಕಂತಲ್ಲಾ. ಒಮ್ಮಿಗಲೇ ಹೊತ್ರ ಆಗತೈತೇನು?"

"ನಾ ತಿಳಕೊಂಡಿದ್ದೆ... ಇನ್ನ ನನ್ನಿಂದ ಏನೂ ಆಗಂಗಿಲ್ಲಂತ ನೀವು ಕೈ ಬಿಟ್ರಿ ಅಂತ."

ಪಾರವ್ವ ಹಂಚಿನ ಮೇಲೆ ಸೀಯುತ್ತಿದ್ದ ರೊಟ್ಟಿ ಇಳಿಸಿದರು. "ಹುಚ್ಚಿ" ಎಂದರು. "ಮೊದಲ್ನೇ ದಿನಾ ನಿನ್ನ ಗಿರಣಿಗೆ ಕಳಿಸಿ, ನೀ ಮ್ಯಾಲ ಬರೂತನಾ ಗ್ಯಾಲರಿದಾಗ ಕೈ ಮುಗದ ನಿಂತಿದ್ದೆ. ನನ್ನ ಅಂಜಿಕಿ ಹೋಗಿಲ್ಲವ್ವಾ. ಅದು ನನ್ನ ಹತ್ರನ ಇರಲಿ. ನೀ ಹತ್ತು."

ಎಣ್ಣೆ ಕುಡಿದ ಆ ಚರ್ಮ ಇನ್ನು ನೀರು ತಡೆಯುವುದೋ ಇಲ್ಲವೋ. ಅಂಗಡಿಯವನ ಮಾತನ್ನು ರಕ್ಷಾ ಎತ್ತಲೇ ಇಲ್ಲ. ಅಲ್ಲೇ ನೆಲದ ಮೇಲೆ ಕೂತು ಬೂಟು ತೊಟ್ಟಳು. ಅತ್ತೆಯ ಅಗಲ ಪಾದಕ್ಕೆ ಅವು ಕೊಂಚ ಹಿಗ್ಗಿದ್ದವು.

"ಕಚ್ಚತಾವೇನು?"

"ಇಲ್ರಿ ಅತ್ತಿ."

"ಹಂಗಾರ ಕೆಳಗ ಗೇಟಿನ ಹತ್ರ ನೀರಿನವಾ ಕ್ಯಾನ ಇಟ್ಟ ಹೋಗ್ಯಾನ. ತೊಗೊಂಬಾ ಹೋಗು."

ಕಣ್ಣೊರೆಸಿಕೊಂಡು ರಕ್ಷಾ ಕೆಳಗಿಳಿದಳು. ತುಂಬಿದ ಕ್ಯಾನನ್ನು ಹೆಗಲಿಗೇರಿಸಿ ತಿರುಗಿದವಳು ಒಮ್ಮೆ ಮೇಲೆ ನೋಡಿದಳು. ಪಾರವ್ವ ಗ್ಯಾಲರಿಗೆ ಬಂದಿದ್ದರು. ಹಿಟ್ಟು ಮೆತ್ತಿದ ಆ ಎರಡು ಕೈ ಇವತ್ತೂ ಮುಗಿದೇ ಇದ್ದವು.