ಒಂದನೇ ನಂಬರಿನ ಚೀಟಿ

ಶಿಕಾರಿಪುರದ ಕುರಿ ಸಾಕುವವರ ಸಂಘದ ಬಾಳಿನಲ್ಲಿ ಮರೆಯಬಾರದ ದಿನಗಳು ಎರಡು. ಒಂದು, ಸಂಘ ನೋಂದಣಿಯಾದ ದಿನ. ಇನ್ನೊಂದು, ಜುಲೈ ನಾಲ್ಕರ ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಸಂಘದ ಲ್ಯಾಪ್‌ಟಾಪು ಒಂದು ಸಾಲಿನ ಪ್ರಶ್ನೆಗೆ ಉತ್ತರ ಕೊಡಲು ಒಪ್ಪದೆ ಕೂತ ದಿನ. ಮೊದಲನೆಯದು ಈಗ ಯಾರಿಗೂ ನೆನಪಿಲ್ಲ.

ಎರಡನೆಯದರ ಭಾರವೆಲ್ಲ ತನ್ವೀರನ ಹೆಗಲಿಗೆ ಬಂದಿತ್ತು. ಸೊರಬದ ಬಸ್‌ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು ಅವನು. ಸಂಘದ ಸೊರಬ ಶಾಖೆಯಲ್ಲಿ ಮೂರು ಪುಟ್ಟ ಯಂತ್ರಗಳನ್ನು ಜೋಡಿಸಿ, ಒಂದು ಮಲಗಿದರೆ ಉಳಿದೆರಡು ಅದರ ಹೊರೆ ಹೊರುವಂತೆ ಮಾಡಿದವನೂ ಅವನೇ. ಶಿಕಾರಿಪುರದ ಲ್ಯಾಪ್‌ಟಾಪಿನ ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿದರೆ, ಮೂರೂ ಸಿದ್ಧ ಎಂದು ಅಲ್ಲಿಂದ ಉತ್ತರ ಬರಬೇಕು. ಬುಧವಾರ ಬಂದಿತ್ತು. ಇವತ್ತು ಅವನು ಶಿಕಾರಿಪುರದ ಕಚೇರಿಯಲ್ಲಿ ಕೂತು ಅವುಗಳ ಮೇಲೆ ಲಸಿಕೆ ಚೀಟಿಯ ಹೊಸ ತಂತ್ರಾಂಶ ಚಾಲೂ ಮಾಡಿ, ಮೊದಲ ಚೀಟಿ ತೆಗೆಯಬೇಕಿತ್ತು.

ಚೀಟಿ ಬೇಕಾದವನು ಹೊರಗೇ ನಿಂತಿದ್ದ. ಗೇಟಿನ ಬಳಿ ಸೋನೆ ಮಳೆಯಲ್ಲಿ ಒಂದು ಬಾಡಿಗೆ ಲಾರಿ, ಅದರಲ್ಲಿ ಅಂಬ್ಲಿಗೊಳದ ಕಡೆಯ ದೊಡ್ಡಬೀರಪ್ಪನ ಎಂಬತ್ತು ಕುರಿ. ಮಳೆಗಾಲದಲ್ಲಿ ಗೊರಸು ಕೊಳೆಯುತ್ತದೆಂದು ಅವನು ವರ್ಷವೂ ಮಂದೆಯನ್ನು ಮೂಡಲ ಸೀಮೆಗೆ ಒಯ್ಯುತ್ತಿದ್ದ. ಅಲ್ಲಿ ಗುಡ್ಡಪ್ಪನೆಂಬ ರೈತ ಹೊಲದಲ್ಲಿ ಜಾಗ ಕೊಡುತ್ತಿದ್ದ. ಹೋದ ವರ್ಷ ಕುರಿಸಿಡುಬು ಬಂದ ಮೇಲೆ ಆ ಊರವರು ಚೀಟಿಯಿಲ್ಲದ ಮಂದೆಯನ್ನು ಒಳಗೆ ಬಿಡುವುದಿಲ್ಲ. ಮಧ್ಯಾಹ್ನ ಎರಡು ಗಂಟೆ ಹೊಡೆಯುವುದರೊಳಗೆ ಚೀಟಿಯ ಫೋಟೊ ಮೊಬೈಲಿಗೆ ಬರದಿದ್ದರೆ ಜಾಗ ಬೇರೆಯವರಿಗೆ ಎಂದು ಗುಡ್ಡಪ್ಪ ಹೇಳಿಯಾಗಿತ್ತು. ಸಂಘದ ಹಳೆಯ ಚೀಟಿ ಪುಸ್ತಕ ಮುಗಿದಿತ್ತು; ಕಂಪ್ಯೂಟರ್ ಬಂದ ಮೇಲೆ ಮತ್ತೇಕೆ ಎಂದು ಹೊಸದನ್ನು ಅಚ್ಚು ಹಾಕಿಸಿರಲಿಲ್ಲ.

"ಸಾಬ್ರ, ಇನ್ನೆಷ್ಟೊತ್ತರೀ?" ದೊಡ್ಡಬೀರಪ್ಪ ಬಾಗಿಲಲ್ಲಿ ಕಂಬಳಿ ಒದರಿದ.

"ಹತ್ತು ನಿಮಿಷ, ಅಜ್ಜ."

"ಇದು ಮೂರ್ನೇ ಹತ್ತು ನಿಮಿಷ."

ಪರದೆ ಮೊದಲು, ಸಂಪರ್ಕ ನಿರಾಕರಿಸಲಾಗಿದೆ ಎಂದಿತ್ತು. ನೋಡಿದರೆ ಲ್ಯಾಪ್‌ಟಾಪು ಸೊರಬಕ್ಕೆ ಹೋಗುವುದು ಬಿಟ್ಟು ತನ್ನ ಮನೆಯ ಬಾಗಿಲನ್ನೇ ತಟ್ಟುತ್ತಿತ್ತು. ವಿಳಾಸ ಬರೆದಿಟ್ಟ ಫೈಲು ಇರಲಿಲ್ಲ. ಚೊಕ್ಕಟ ಮಾಡುವ ಉತ್ಸಾಹದಲ್ಲಿ ಕಾರ್ಯದರ್ಶಿ ಮಲ್ಲೇಶಪ್ಪನವರು ಅದನ್ನು ಕಸದ ಬುಟ್ಟಿಗೆ ಹಾಕಿದ್ದರು. ತನ್ವೀರ್ ಅದನ್ನು ಎತ್ತಿ ತಂದು ಸ್ವಸ್ಥಾನದಲ್ಲಿಟ್ಟ. ಪರದೆ ಅರ್ಧ ನಿಮಿಷ ಗಾಢವಾಗಿ ಯೋಚಿಸಿ, ಸಮಯ ಮೀರಿತು ಎಂದಿತು. ಇಂಟರ್‌ನೆಟ್ ಡಾಂಗಲನ್ನು ಕಿಟಕಿಯ ಸರಳಿಗೆ ಕಟ್ಟಿದ್ದಾಯಿತು. ಸೊರಬ ಶಾಖೆಯ ಗುಮಾಸ್ತೆ ಸಂಗೀತಳಿಗೆ ಫೋನ್ ಮಾಡಿದ್ದಾಯಿತು.

"ಸಂಗೀತಕ್ಕ, ಮೂರರಲ್ಲೂ ದೀಪ ಉರೀತಾ ಇದ್ಯಾ?"

"ಇದೆ ಮಾರಾಯ. ನನಗಿಂತ ಲಕ್ಷಣವಾಗಿ ಕೂತಿದಾವೆ. ನಿಂದೇ ಎಂತೋ ತಪ್ಪು."

ಮಧ್ಯಾಹ್ನ ಹನ್ನೆರಡಕ್ಕೆ ಪರದೆ ಮೂರನೆಯ ಮಾತು ತೆಗೆಯಿತು: ಗುರುತಿನ ಪತ್ರದ ಅವಧಿ ಮುಗಿದಿದೆ, ಅಥವಾ. ಆ ಪತ್ರ ನೋಡಿಯೇ ಲ್ಯಾಪ್‌ಟಾಪು ಸೊರಬದ ಯಂತ್ರಗಳನ್ನು ನಂಬುವುದು. ಮಂಗಳವಾರವಷ್ಟೇ ತನ್ವೀರ್ ಅದನ್ನು ಬರೆದಿದ್ದ. ಸುಸ್ತಾದವರೆಲ್ಲ ಮಾಡುವಂತೆ ಅವನೂ 'ಅಥವಾ'ದ ಆಚೆ ಓದಲಿಲ್ಲ. ಮುಗಿದಿದ್ದರೆ ಹೊಸದು ಬರೆದರಾಯಿತು ಎಂದು ಒಂದೂವರೆ ಗಂಟೆ ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿ ಸಂಗೀತಳ ಕೈಲಿ ಹೊಸ ಪತ್ರ ಮಾಡಿಸಿದ. ಪರದೆ ಮತ್ತೆ ಅದನ್ನೇ ಹೇಳಿತು.

ಆಗ ಉಳಿದರ್ಧ ಓದಿದ. ಅಥವಾ, ಅವಧಿ ಇನ್ನೂ ಶುರುವಾಗಿಲ್ಲ.

ಪರದೆಯ ಮೂಲೆ ನೋಡಿದ. ಗಂಟೆ ಸರಿ, ಒಂದು ನಲವತ್ತು. ವಾರವೂ ಸರಿ, ಶುಕ್ರವಾರ. ತಾರೀಕು ಜೂನ್ ಇಪ್ಪತ್ತು.

"ಮಲ್ಲೇಶಣ್ಣ, ತಾರೀಕು ಯಾರು ಮುಟ್ಟಿದ್ದು?"

"ನಾನೇ, ನಿನ್ನೆ," ಎಂದರು ಮಲ್ಲೇಶಪ್ಪ, ಒಳ್ಳೆಯ ಕೆಲಸ ಒಪ್ಪಿಕೊಳ್ಳುವವರ ಸಂಕೋಚದಲ್ಲಿ. "ಆಷಾಢದಾಗ ಯಾರಾದ್ರೂ ಹೊಸ ಪುಸ್ತಕ ತೆಗೀತಾರೇನಪ್ಪ?"

ಸಂಘದ ಪದ್ಧತಿ ಹಾಗಿತ್ತು. ಆಷಾಢದಲ್ಲಿ ಹೊಸ ಪುಸ್ತಕ ತೆಗೆಯಲೇಬೇಕಾಗಿ ಬಂದರೆ, ಮೊದಲ ಪುಟಕ್ಕೆ ಅರಿಶಿನ ಮುಟ್ಟಿಸಿ ಜ್ಯೇಷ್ಠದ ಒಂದು ಒಳ್ಳೆಯ ದಿನದ ತಾರೀಕು ಹಾಕುವುದು. ನಲವತ್ತು ವರ್ಷ ಯಾವ ಪುಸ್ತಕವೂ ತಕರಾರು ಮಾಡಿರಲಿಲ್ಲ.

"ಪುಸ್ತಕ ಸುಮ್ನಿರತ್ತೆ ಅಣ್ಣ. ಇದು ಸುಮ್ನಿರಲ್ಲ. ಇದರ ಲೆಕ್ಕದಲ್ಲಿ ನಾನು ಬರೆದ ಪತ್ರ ಇನ್ನೂ ಹುಟ್ಟೇ ಇಲ್ಲ. ತಾರೀಕು ಸರಿ ಮಾಡ್ತೀನಿ."

"ತಡಿ. ಒಂದ್ನೇ ನಂಬರಿನ ಚೀಟಿನೇ ಆಷಾಢದ್ದಾಗಿ, ನಾಳೆ ಮಂದೆಗೆ ರೋಗ ಬಂದ್ರ ಜನ ಬೈಯೋದು ನಿನ್ನಲ್ಲ, ನನ್ನ."

"ಆಷಾಢ ಅಂತ ಕುರಿ ಮೇಯೋದು ಬಿಟ್ಟಾವೇನ್ರಿ?" ಎಂದ ದೊಡ್ಡಬೀರಪ್ಪ. "ಎರಡಕ್ಕ ಹತ್ತು ನಿಮಿಷ ಐತಿ. ಇವತ್ತಿನ ತಾರೀಕೇ ಹಾಕ್ರಿ, ರೋಗ ಬಂದ್ರ ನನ್ನ ಕುರಿಗೆ ಬರ್ತೈತಿ."

ಮಲ್ಲೇಶಪ್ಪ ಲ್ಯಾಪ್‌ಟಾಪಿನ ಮೇಲಿಟ್ಟ ಕೈ ತೆಗೆಯಲಿಲ್ಲ.

ತನ್ವೀರನಿಗೆ ಬೆಳಗಿನಿಂದ ಒಂದು ಚಹಾ ಬಿಟ್ಟರೆ ಏನೂ ಸಿಕ್ಕಿರಲಿಲ್ಲ. ವಾದಿಸುವ ತ್ರಾಣವೂ ಇರಲಿಲ್ಲ. "ಎರಡನೇ ನಂಬರಿಂದ ಶುರು ಮಾಡ್ತೀನಿ," ಎಂದ. "ಒಂದನೇ ನಂಬರು ನಿಮ್ಮ ಶ್ರಾವಣಕ್ಕೆ ಖಾಲಿ ಇರ್ಲಿ."

ಈ ಸಲಹೆ ಕಾರ್ಯದರ್ಶಿಗಳಿಗೆ ಹಿಡಿಸಿತು. ಆದರೂ ಒಂದು ಮಾತು ಕೇಳಿಬಿಡೋಣವೆಂದು ಮನೆಗೆ ಫೋನ್ ಮಾಡಿದರು. ಹೆಂಡತಿ ರಾಜೇಶ್ವರಮ್ಮ ಒಲೆಯ ಮೇಲಿನ ಸಾರು ಇಳಿಸಿ, ಕೈ ಒರೆಸಿಕೊಂಡು, ಕನ್ನಡಕ ಹುಡುಕಿ, ಪಂಚಾಂಗ ತೆಗೆದು, ಎರಡನೆಯದಕ್ಕೆ ಅಡ್ಡಿಯಿಲ್ಲ ಎಂದು ಹೇಳುವಷ್ಟರಲ್ಲಿ ಎರಡೂಕಾಲು.

ತಾರೀಕು ಸರಿಯಾಯಿತು. ತನ್ವೀರ್ ಅದೇ ಸಾಲನ್ನು ಮತ್ತೆ ಟೈಪ್ ಮಾಡಿದ. ಮೂರೂ ಸಿದ್ಧ ಎಂದು ತಕ್ಷಣ ಉತ್ತರ ಬಂತು, ಬೆಳಗಿನಿಂದ ಯಾರೂ ತಮ್ಮನ್ನು ಕೇಳಿಯೇ ಇರಲಿಲ್ಲವೆಂಬಂತೆ. ಎರಡು ಇಪ್ಪತ್ತೈದಕ್ಕೆ ಚೀಟಿ ಹೊರಬಿತ್ತು.

ದೊಡ್ಡಬೀರಪ್ಪ ಫೋಟೊ ಕಳಿಸಿ ಗುಡ್ಡಪ್ಪನಿಗೆ ಫೋನ್ ಮಾಡಿದ. ಆ ಕಡೆಯ ದನಿ ಎಲ್ಲರಿಗೂ ಕೇಳಿಸಿತು: "ಎರಡು ಹೊಡದ ಕೂಡ್ಲೇ ಬ್ಯಾರೆಯವ್ರಿಗೆ ಹೇಳಿಬಿಟ್ಟೆ ಬೀರಪ್ಪ. ಹದಿನೈದು ದಿನ ಬಿಟ್ಟು ನೋಡು."

ಎಂಬತ್ತು ಕುರಿಗಳೂ ಅದೇ ಲಾರಿಯಲ್ಲಿ ಅಂಬ್ಲಿಗೊಳಕ್ಕೆ ವಾಪಸು ಹೋದವು.