ಕಲಗಚ್ಚಿನ ಬಕೆಟ್ಟು

ಅಕ್ಕಿ ತೊಳೆದ ಮೊದಲ ನೀರು, ತರಕಾರಿ ಸಿಪ್ಪೆ, ಹುಳಿ ಬಂದ ಮಜ್ಜಿಗೆ, ತಟ್ಟೆಯಲ್ಲಿ ಉಳಿದದ್ದು ಏನಾದರೂ ಇದ್ದರೆ ಅದು, ಎಲ್ಲವೂ ಬಚ್ಚಲ ಪಕ್ಕದ ನೀಲಿ ಬಕೆಟ್ಟಿಗೆ ಹೋಗಬೇಕು. ಅದು ಕಲಗಚ್ಚಿನ ಬಕೆಟ್ಟು, ದಿಬ್ಬದ ಕೆಳಗಿನ ಕೊಲ್ಲಾಪುರಮ್ಮನ ಹಸುವಿಗೆ. ನಾವು ಕ್ಯಾತ್ಸಂದ್ರದ ಈ ಮನೆಗೆ ಬಂದ ವರ್ಷ ಅಮ್ಮ ಮಾಡಿದ ಏರ್ಪಾಡು. ಇಪ್ಪತ್ತೆರಡು ವರ್ಷವಾಯಿತು.

ಅಮ್ಮನ ಬೇರೆ ನಿಯಮಗಳೂ ಇದ್ದವು. ಅಕ್ಕಿಯ ಎರಡನೇ ನೀರು ಬೇಳೆ ಬೇಯಿಸಲು. ಸೊಪ್ಪು ತೊಳೆದ ನೀರು ಕರಿಬೇವಿಗೆ. ನಲ್ಲಿಯಲ್ಲಿ ನೀರು ಬರುವ ದಿನ, ಕೊಡದಲ್ಲಿದ್ದ ನಿನ್ನೆಯ ನೀರನ್ನು ಚರಂಡಿಗೆ ಸುರಿದು ಹೊಸದು ತುಂಬುವವರನ್ನು ಕಂಡರೆ ಅಮ್ಮನಿಗೆ ಆಗುತ್ತಿರಲಿಲ್ಲ. "ನೀರಿಗೂ ವಯಸ್ಸಾಗುತ್ತೇನೇ?" ಎನ್ನುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ನಿಯಮ ಹಿಡಿ ಅಕ್ಕಿಯದು. ಪಾವಿನಲ್ಲಿ ಅಳೆದ ಅಕ್ಕಿಯಿಂದ ಒಂದು ಹಿಡಿ ತೆಗೆದು ಡಬ್ಬಿಗೆ ವಾಪಸ್ಸು ಹಾಕಿ ಆಮೇಲೆ ತೊಳೆಯಬೇಕು. ಹಸಿವು ಯಾವಾಗಲೂ ಅಳತೆಗಿಂತ ಒಂದು ಹಿಡಿ ಕಡಿಮೆಯೇ ಇರುತ್ತದೆ ಎಂಬುದು ಅವರ ಲೆಕ್ಕಾಚಾರ.

ಕಳೆದ ಆಷಾಢದಲ್ಲಿ ಅಮ್ಮ ಹೋದರು. ನಿಯಮಗಳು ಉಳಿದವು. ನನ್ನೊಬ್ಬಳಿಗೆ ಅರ್ಧ ಪಾವು ಅಕ್ಕಿ, ಅದರಲ್ಲೂ ಒಂದು ಹಿಡಿ ವಾಪಸ್ಸು. ಒಂದು ಬದನೆಕಾಯಿಯ ತೊಟ್ಟು, ಎರಡು ಲೋಟ ನೀರು. ಬೆಳಿಗ್ಗೆ ನೋಡಿದರೆ ಬಕೆಟ್ಟಿನ ತಳ ಮಾತ್ರ ಒದ್ದೆಯಾಗಿರುತ್ತಿತ್ತು.

ಗುಬ್ಬಿಯ ಕಾಲೇಜೊಂದರಲ್ಲಿ ನಾನು ಗ್ರಂಥಪಾಲಕಿ. ಎಂಟೂಕಾಲರ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋಗುತ್ತೇನೆ, ಸಂಜೆ ಅದೇ ರೀತಿ ಬರುತ್ತೇನೆ. 'ಮೌನವಾಗಿರಿ' ಎಂದು ಗೋಡೆಯ ಮೇಲೆ ಬರೆಸಿದವಳು ನಾನೇ. ಹುಡುಗರು ಪುಸ್ತಕ ತಂದು ಮೇಜಿನ ಮೇಲಿಡುತ್ತಾರೆ, ನಾನು ಮುದ್ರೆ ಒತ್ತಿ ಕೊಡುತ್ತೇನೆ. ಇಡೀ ದಿನ ಬಾಯಿ ತೆರೆಯದೆ ಕಳೆಯುವುದು ಕಷ್ಟವೇನಲ್ಲ. ಶನಿವಾರ ಮಧ್ಯಾಹ್ನ ಬೀಗ ಹಾಕಿ ಬಂದರೆ ಸೋಮವಾರದವರೆಗೆ ನನ್ನ ಜೊತೆ ಮಾತಾಡುವ ಒಂದೇ ಜೀವ, ಬೆಳಿಗ್ಗೆ ಆರೂವರೆಗೆ ಗೇಟು ತಳ್ಳಿಕೊಂಡು ಬರುವ ಕೊಲ್ಲಾಪುರಮ್ಮ.

"ಏನ್ ರಮ್ಯಮ್ಮ, ರಾತ್ರಿ ಉಂಡ್ಯೋ ಇಲ್ವೋ? ಈ ನೀರ್ನಾಗೆ ನಮ್ಮ ಹಸ ಮುಖ ತೊಳ್ಕಬೋದು ಅಷ್ಟೇಯ" ಎನ್ನುತ್ತಿದ್ದಳು.

ಅವಳಿಗೆ ಕಾಫಿ ಕೊಡುತ್ತಿದ್ದೆ. ಜಗಲಿಯ ಅಂಚಿನಲ್ಲಿ ಕೂತು ಕುಡಿಯುತ್ತಿದ್ದಳು. ಅವಳ ಲೋಟ ಹೊರಗಿನ ಕಿಟಕಿಯ ಕಟ್ಟೆಯ ಮೇಲೆ ಬೋರಲಾಗಿ ಇರುತ್ತಿತ್ತು. ಅದನ್ನು ಅಲ್ಲಿ ಇಟ್ಟವರು ಅಮ್ಮ. ನಾನು ತೆಗೆದಿರಲಿಲ್ಲ, ಅಷ್ಟೆ.

ಮಾಘದ ಒಂದು ಬೆಳಿಗ್ಗೆ ಅವಳು ಬಕೆಟ್ಟನ್ನು ಓರೆ ಮಾಡಿ ನೋಡಿ ಕೆಳಗಿಟ್ಟಳು.

"ಇನ್ ಮ್ಯಾಕೆ ಇಲ್ಲಿಗಂಟ ಬರಾಕಾಗಲ್ಲ ಕಣವ್ವ. ಮಂಡಿ ನೋವು. ಹೊಸಾ ರೋಡ್ನಾಗೆ ಹೆಣ್ಮಕ್ಕಳ ಪಿಜಿ ಆಗೈತಲ್ಲ, ಅಲ್ಲೇ ಒಂದು ಡ್ರಮ್ಮು ತುಂಬೋಯ್ತದೆ. ನಿಂದು ಈ ಎರಡು ಚೊಂಬು ನೀರ್ಗೆ ದಿಬ್ಬ ಹತ್ತಬೇಕಾ? ಕರಿಬೇವಿಗೆ ಉಯ್ಕೊ."

"ಆಯ್ತು" ಎಂದೆ. ಅವಳು ಗೇಟು ದಾಟುವ ಹೊತ್ತಿಗೆ, "ನಾಳೆ ಒಂದಿನ ಬಾ" ಎಂದೆ. "ನಾಳೆ ಜಾಸ್ತಿ ಇರುತ್ತೆ. ಮನೆಗೆ ನೆಂಟರು ಬರ್ತಿದಾರೆ."

ಈ ಸುಳ್ಳು ಎಲ್ಲಿಂದ ಬಂತೋ ಗೊತ್ತಿಲ್ಲ. ಅಂದು ಸಂಜೆ ಗುಬ್ಬಿಯಿಂದ ಬರುವಾಗ ಒಂದು ಕೇಜಿ ಸೌತೆಕಾಯಿ ತಂದೆ. ಒಂದೂವರೆ ಪಾವು ಅಕ್ಕಿ ಇಟ್ಟೆ. ನನಗೆ ಬೇಕಾದಷ್ಟು ಉಂಡು, ಉಳಿದ ಅನ್ನದ ಪಾತ್ರೆ ಹಿಡಿದು ನೀಲಿ ಬಕೆಟ್ಟಿನ ಮುಂದೆ ನಿಂತೆ. ಬಿಳಿಯ, ಬಿಸಿ ಆರದ, ಯಾರೂ ಮುಟ್ಟದ ಅನ್ನ. ಅಮ್ಮನಿದ್ದಿದ್ದರೆ ಅದು ಬೆಳಿಗ್ಗೆ ಚಿತ್ರಾನ್ನವಾಗುತ್ತಿತ್ತು, ಮಿಕ್ಕಿದ್ದು ಸಂಡಿಗೆಯಾಗುತ್ತಿತ್ತು. ಕಣ್ಣು ಮುಚ್ಚಿ ಬಗ್ಗಿಸಿದೆ.

ಬೆಳಿಗ್ಗೆ ಕೊಲ್ಲಾಪುರಮ್ಮ ಬಕೆಟ್ಟು ಎತ್ತಿ, "ಹಾಂ, ಇದು ಕಲಗಚ್ಚು!" ಎಂದಳು. "ಯಾರವ್ವ ಬಂದಿರೋರು?"

"ನಮ್ಮ ಚಿಕ್ಕಪ್ಪನ ಮೊಮ್ಮಗಳು. ವಿಭಾ ಅಂತ. ಮೈಸೂರವಳು. ಇಲ್ಲೇ ಓದ್ಕೋತೀನಿ ಅಂತ ಬಂದಿದಾಳೆ."

"ಇನ್ನೂ ಎದ್ದಿಲ್ವಾ?"

"ಮಲಗಿದಾಳೆ."

"ಮಲಗ್ಲಿ ಬುಡು. ಈಗಿನ ಹೆಣ್ಮಕ್ಳಿಗೆ ಸೂರ್ಯ ಅಂದ್ರೆ ಹತ್ತು ಗಂಟೆಗೆ ಬರೋನು."

ಅಂದಿನಿಂದ ಇಲ್ಲದ ವಿಭಾ ಪ್ರತಿದಿನ ಅನ್ನ ಬಿಡತೊಡಗಿದಳು. ಕೊಲ್ಲಾಪುರಮ್ಮ ದಿನವೂ ಬಂದಳು. ಮುಂಚೆ ಕಾಫಿ ಮುಗಿಯುತ್ತಲೇ ಏಳುತ್ತಿದ್ದವಳು ಈಗ ಇನ್ನೂ ಸ್ವಲ್ಪ ಹೊತ್ತು ಕೂರುತ್ತಿದ್ದಳು. ಹುಡುಗಿಗೆ ಗಂಡು ನೋಡಿದಾರಾ, ಸಣ್ಣಗವಳಾ ದಪ್ಪಗವಳಾ, ಹಿಂಗೆ ಅನ್ನ ಚೆಲ್ಲೋಳು ನಾಳೆ ಸಂಸಾರ ಹೆಂಗೆ ತೂಗಿಸ್ತಾಳೆ ಎಂದೆಲ್ಲ ಕೇಳುತ್ತಿದ್ದಳು. "ನಿಮ್ಮಮ್ಮ ಸುಂದರಮ್ಮೋರು ಇರಬೇಕಿತ್ತು, ಕಿವಿ ಹಿಂಡೋರು" ಎಂದಳೊಮ್ಮೆ. ನಾನು ನಕ್ಕೆ. ಆ ನಗು ನನ್ನ ಕಿವಿಗೆ ಬೇರೆ ಯಾರದೋ ಮನೆಯ ನಗುವಿನಂತೆ ಕೇಳಿಸಿತು.

ಹತ್ತನೇ ದಿನವೋ ಏನೋ ಅವಳು ಹೇಳಿದಳು: "ಅನ್ನ ಕಮ್ಮಿ ಹಾಕವ್ವ. ನೀರು, ಸಿಪ್ಪೆ ಎಷ್ಟಾದ್ರೂ ಇರ್ಲಿ. ಹಸೀಗೆ ಅನ್ನ ಜಾಸ್ತಿ ಆಗಬಾರ್ದು."

ಕೇಳಿಸಿಕೊಂಡೆ. ಆದರೆ ನೀರು ಎಲ್ಲಿಂದ ತರಲಿ? ನಲ್ಲಿ ಬಂದು ನಾಲ್ಕು ದಿನವಾಗಿತ್ತು, ಹಂಡೆಯಲ್ಲಿ ಮೊಣಕೈ ಆಳವೂ ಇರಲಿಲ್ಲ. ಡಬ್ಬಿಯಲ್ಲಿ ಅಕ್ಕಿಯಿತ್ತು. ಮಾರನೆಯ ದಿನ ಭಾನುವಾರ, ಅವಳು ಹೆಚ್ಚು ಹೊತ್ತು ಕೂರುವ ದಿನ. ಶನಿವಾರ ಸಂಜೆ ಒಂದು ಸೇರು ಅಕ್ಕಿ ಬೇಯಿಸಿದೆ. ಅನ್ನ ತಳಕ್ಕೆ ಸುರಿದು, ಮೇಲೆ ಸಿಪ್ಪೆ ಹರಡಿ, ಇದ್ದ ನೀರು ಹುಯ್ದೆ. ಕಂಠದವರೆಗೆ ತುಂಬಿತು.

ಭಾನುವಾರ ಅವಳು ಬಂದಳು, ಕೂತಳು, ಮೊಮ್ಮಗಳು ಪೂಜಾಳ ಪರೀಕ್ಷೆಯ ವಿಷಯ ಹೇಳಿದಳು, ನೀಲಿ ಬಕೆಟ್ಟನ್ನು ತಾನು ತಂದ ಬಕೆಟ್ಟಿಗೆ ಬಗ್ಗಿಸಿಕೊಂಡು ಹೋದಳು. ಸೋಮವಾರ ಬರಲಿಲ್ಲ. ಮಂಗಳವಾರ ಆರೂವರೆ, ಏಳು, ಏಳೂವರೆ. ಎಂಟೂಕಾಲರ ಬಸ್ಸು ಬಿಟ್ಟು, ರೈಲ್ವೆ ಗೇಟಿನ ಹತ್ತಿರ ಅವಳ ಮನೆ ಕೇಳಿಕೊಂಡು ಹೋದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಆ ಮನೆ ನೋಡಿರಲಿಲ್ಲ.

ತಗಡಿನ ಕೊಟ್ಟಿಗೆಯಲ್ಲಿ ಹಸು ಮಲಗಿತ್ತು. ಕಂದು ಬಣ್ಣ, ಹಣೆಯ ಮೇಲೆ ಬಿಳಿ ಬೊಟ್ಟು. ಎಡಗಡೆ ಹೊಟ್ಟೆ ಸೋರೆಬುರುಡೆಯಂತೆ ಊದಿತ್ತು. ಉಸಿರು ಬಿಟ್ಟಾಗಲೆಲ್ಲ ಹುಳಿ ವಾಸನೆ. ಕೊಲ್ಲಾಪುರಮ್ಮ ಅದರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬಾಟಲಿಯಿಂದ ಅಡುಗೆ ಸೋಡಾದ ನೀರು ಕುಡಿಸುತ್ತಿದ್ದಳು.

"ಅನ್ನ ತಿಂದು ಹೊಟ್ಟೆ ಹುಳಿ ಹಿಡ್ದೈತಂತೆ" ಎಂದಳು ತಲೆಯೆತ್ತದೆ. "ಡಾಕ್ಟ್ರು ಎರಡು ಸಲ ಬಂದೋದ್ರು. ಇವತ್ತು ಎದ್ ನಿಂತ್ರೆ ಉಳೀತದಂತೆ."

ಅವಳ ಮಗ ಭೀಮರಾಜ್ ಚಪ್ಪಲಿ ಮೆಟ್ಟುತ್ತಿದ್ದ. "ಆ ಪಿಜಿ ಅಡಿಗೆಯೋನ್ನ ಇವತ್ತು ಬುಡಾಕಿಲ್ಲ ಕಣವ್ವ. ಹಂಡೆಗಟ್ಲೆ ಅನ್ನ ತಂದು ಸುರೀತಾನಲ್ಲ, ಅವನ ಬಾಯಿಗೇ ತುರುಕ್ತೀನಿ."

ಸುಮ್ಮನಿದ್ದರೆ ಆಗುತ್ತಿತ್ತು. ಸುಮ್ಮನಿರುವುದು ನನಗೆ ಚೆನ್ನಾಗಿ ಗೊತ್ತಿರುವ ಒಂದೇ ವಿದ್ಯೆ. ನಾಳೆಯೂ ಅವಳು ದಿಬ್ಬ ಹತ್ತಿ ಬರುತ್ತಿದ್ದಳು. ಭೀಮರಾಜ್ ಹೊಸ್ತಿಲು ದಾಟಿದ.

"ಪಿಜಿಯವರದ್ದಲ್ಲ" ಎಂದೆ. "ನಂದು. ಭಾನುವಾರದ ಬಕೆಟ್ಟಿನ ತಳದಲ್ಲಿ ಒಂದು ಸೇರು ಅಕ್ಕಿ ಅನ್ನ ಇತ್ತು."

"ಇಬ್ರು ಹೆಣ್ಮಕ್ಕಳು ಒಂದ್ ಸೇರು ಬೇಯಿಸ್ತೀರಾ?" ಎಂದಳು ಕೊಲ್ಲಾಪುರಮ್ಮ.

"ವಿಭಾ ಬಂದಿಲ್ಲ ಕೊಲ್ಲಾಪುರಮ್ಮ. ಯಾರೂ ಬಂದಿಲ್ಲ."

ಅವಳು ಈಗ ತಲೆ ಎತ್ತಿದಳು. "ಮತ್ತೆ?"

"ಬಕೆಟ್ಟು ತುಂಬಿದ್ರೆ ನೀನು ಬರ್ತೀಯ ಅಂತ."

ಹಸು ಒಮ್ಮೆ ನರಳಿತು. ಭೀಮರಾಜ್ ತಾಯಿಯ ಮುಖ ನೋಡಿದ. "ಇವ್ರಿಗೇನು ತಲೆಗಿಲೆ ಕೆಟ್ಟೈತಾ?"

"ಸುಮ್ಕಿರ್ಲಾ" ಎಂದಳು. ಬಾಟಲಿಯ ಬಾಯನ್ನು ಸೆರಗಿನಲ್ಲಿ ಒರೆಸಿ ಹಸುವಿನ ಕಿವಿ ಸವರಿದಳು. ಆಮೇಲೆ ಯಾರಿಗೂ ಅಲ್ಲ ಎನ್ನುವಂತೆ ಹೇಳಿದಳು: "ಒಂದ್ ಸೇರು ಅನ್ನ. ಹಸೀಗೆ ಸುರಿಯೋ ಬದ್ಲು ನಂಗೊಂದು ತುತ್ತು ಇಕ್ಕಿದ್ರೆ ನಾ ಬರ್ತಿರ್ಲಿಲ್ವಾ?"

ಕಿಟಕಿಯ ಕಟ್ಟೆಯ ಮೇಲೆ ಬೋರಲಾಗಿದ್ದ ಲೋಟ ಕಣ್ಣ ಮುಂದೆ ಬಂತು.

ಸಂಜೆ ಹಸು ಎದ್ದು ನಿಂತಿತೆಂದು ಅಂಗಡಿಯವರಿಂದ ತಿಳಿಯಿತು. ಹಾಲು ಮಾತ್ರ ಬತ್ತಿತ್ತು. ಡಾಕ್ಟರು ಒಣಹುಲ್ಲು ಬಿಟ್ಟು ಬೇರೇನೂ ಹಾಕಕೂಡದು ಎಂದರಂತೆ. ಭೀಮರಾಜ್ ಮನೆಯಲ್ಲಿದ್ದ ಕಲಗಚ್ಚಿನ ಡ್ರಮ್ಮನ್ನೇ ಗುಜರಿಗೆ ಹಾಕಿದನಂತೆ. ಇನ್ನು ಯಾವ ಮನೆಗೂ ಯಾರೂ ಕಲಗಚ್ಚಿಗೆ ಬರುವುದಿಲ್ಲ.

ಲೋಟವನ್ನು ತೊಳೆದು ಒಳಗಿನ ಗೂಡಿನಲ್ಲಿ ಮಿಕ್ಕ ಲೋಟಗಳ ಜೊತೆ ಇಟ್ಟೆ. ಅರ್ಧ ಪಾವಿಗೆ ಮರಳಿದೆ. ಅಕ್ಕಿಯ ಮೊದಲ ನೀರು ಈಗ ಕರಿಬೇವಿಗೆ. ಬೆಳಿಗ್ಗೆ ಆರೂವರೆಗೆ ಎಚ್ಚರವಾಗಿರುತ್ತೇನೆ. ಎದುರು ಮನೆಯ ಗೇಟು, ಹಾಲಿನವನ ಗಾಡಿ, ದೂರದಲ್ಲಿ ರೈಲು. ಪ್ರತಿ ಶಬ್ದವನ್ನೂ ಗುರುತಿಸುವುದು ಕಲಿತೆ.

ಮೂರು ವಾರವಾದ ಮೇಲೆ ಒಂದು ಭಾನುವಾರ ನಮ್ಮ ಗೇಟು ಸದ್ದಾಯಿತು. ಕೊಲ್ಲಾಪುರಮ್ಮ ಬರಿಗೈಯಲ್ಲಿ ನಿಂತಿದ್ದಳು. ಬಕೆಟ್ಟಿಲ್ಲದ ಅವಳ ಕೈಗಳು ಎಲ್ಲಿರಬೇಕೆಂದು ತಿಳಿಯದೆ ಸೊಂಟದ ಮೇಲೆ ಇದ್ದವು.

"ಹುಲ್ಲಿನ ಹೊರೆಗೆ ಹೇಳಾಕೆ ಇತ್ಲಾಗ್ ಬಂದಿದ್ದೆ" ಎಂದಳು. "ಏನೈತೆ?"

"ತಂಗಳನ್ನ. ಮಜ್ಜಿಗೆ."

"ಈರುಳ್ಳಿ?"

"ಇದೆ."

"ಮತ್ತೆ ನಿಂತ್ಕಂಡು ನೋಡ್ತೀಯಲ್ಲ?"

ಜಗಲಿಯ ಅಂಚಿಗೆ ಹೋಗುತ್ತಿದ್ದವಳನ್ನು "ಒಳಗೆ ಬಾ" ಎಂದೆ. ಅವಳು ಒಂದು ಕ್ಷಣ ಹೊಸ್ತಿಲು ನೋಡಿ ಒಳಗೆ ಬಂದಳು. ಅಡುಗೆಮನೆಯ ಗೋಡೆಗೆ ಒರಗಿ ಕೂತಳು. ಅಮ್ಮನ ತಟ್ಟೆ ಹಾಕಿದೆ. ನನ್ನ ಪಾಲಿನಲ್ಲಿ ಅರ್ಧ ಬಡಿಸಿದೆ. ಅವಳು ಉಂಡಳು, ಕೊನೆಗೆ ಬೆರಳಿನಿಂದ ತಟ್ಟೆ ಬಳಿದಳು. ಒಂದು ಅಗುಳೂ ಉಳಿಯಲಿಲ್ಲ.

"ಹಸ ಈಗ ಒಂದು ಹೊತ್ತಿಗೆ ಒಂದು ಲೀಟ್ರು ಕೊಡ್ತದೆ" ಎಂದಳು ಏಳುತ್ತ. ಕ್ಷಮಿಸಿದೆ ಎಂದು ಹೇಳಲಿಲ್ಲ. ಮತ್ತೆ ಬರುತ್ತೇನೆ ಎಂದೂ ಹೇಳಲಿಲ್ಲ.

ಸಂಜೆ ಅರ್ಧ ಪಾವು ಅಕ್ಕಿ ಅಳೆದೆ. ಅದರಿಂದ ಒಂದು ಹಿಡಿ ತೆಗೆದು ಡಬ್ಬಿಯ ಮೇಲೆ ಕೈ ಹಿಡಿದೆ. ಕೈ ಅಲ್ಲೇ ನಿಂತಿತು. ಅವಳು ಬರದಿದ್ದರೆ ಅದು ನಾಳೆ ಬೆಳಿಗ್ಗೆ ನನಗೇ ತಂಗಳಾಗುತ್ತದೆ, ಹಾಳಾಗುವುದಿಲ್ಲ. ಆ ಹಿಡಿಯನ್ನು ಪಾತ್ರೆಗೆ ಹಾಕಿ ನೀರು ಹುಯ್ದೆ.